ಅಕ್ಕಿಪೇಟೆಯಲ್ಲಿ ಮರದ ಮನೆ, ಪ್ಯಾನೆಲ್ ಮನೆ: ನಿರ್ಮಾಣ ವೆಚ್ಚದ ಒಂದು ತುಲನೆ

ಉಷ್ಣನಿರೋಧಕ ಪ್ಯಾನೆಲ್‌ಗಳ ಮನೆ ಅಗ್ಗವೋ ಮರದ ಚೌಕಟ್ಟಿನ ಮನೆ ಅಗ್ಗವೋ ಎಂಬ ಚರ್ಚೆ ಬೆಳೆದದ್ದು ಉತ್ತರ ಅಮೆರಿಕದಲ್ಲಿ. ಅಲ್ಲಿನ ವಾಡಿಕೆಯ ಗೋಡೆಯಲ್ಲಿ ಸಾಮಾನ್ಯವಾಗಿ ಹದಿನಾರು ಅಂಗುಲಕ್ಕೊಂದರಂತೆ ಮರದ ಪಟ್ಟಿಗಳನ್ನು ನಿಲ್ಲಿಸಿ, ನಡುವಿನ ಜಾಗಕ್ಕೆ ಗಾಜಿನ ನಾರನ್ನು ತುಂಬುತ್ತಾರೆ. ಪ್ಯಾನೆಲ್‌ನಲ್ಲಾದರೋ ಎರಡು ಹಲಗೆಗಳ ನಡುವೆ ಥರ್ಮೋಕೋಲಿನಂಥ ನೊರೆಯ ತಿರುಳನ್ನು ಅಂಟಿಸಿ, ಗೋಡೆಯನ್ನು ಕಾರ್ಖಾನೆಯಲ್ಲೇ ಸಿದ್ಧಪಡಿಸಿ ತರಲಾಗುತ್ತದೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನ ಪ್ರಯೋಗಾಲಯವು 1930ರ ದಶಕದಲ್ಲಿ ಆರಂಭಿಸಿದ ಹಲಗೆ ಗೋಡೆಯ ಪ್ರಯೋಗಗಳೇ ಇದರ ಮೂಲ. ಪ್ಯಾನೆಲ್‌ನ ಸಾಮಗ್ರಿಗೆ ಬೆಲೆ ಹೆಚ್ಚಾದರೂ ಬಡಗಿಯ ಕೂಲಿಯ ದಿನಗಳು ಉಳಿಯುತ್ತವೆ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚೂ ತಗ್ಗುತ್ತದೆ ಎಂಬುದು ಅಲ್ಲಿನ ವಾದದ ಆಧಾರ. ಬೆಂಗಳೂರಿನಲ್ಲಿ ಮನೆ ಬೆಚ್ಚಗಿಡಲು ಯಾರೂ ಖರ್ಚು ಮಾಡುವುದಿಲ್ಲ, ಕೂಲಿಯೂ ಅಷ್ಟು ದುಬಾರಿಯಲ್ಲ. ಆದ್ದರಿಂದ ಅದೇ ಲೆಕ್ಕವನ್ನು ಇಲ್ಲಿಗೆ ಹಚ್ಚಲು ಬರುವುದಿಲ್ಲ.

ಇಲ್ಲಿ ಮರದ ಮನೆಯೆಂದರೆ ಬೆಂಗಳೂರಿನ ಹಳೆಯ ಊರಾದ ಪೇಟೆಯ ಹಿಂದಿನ ಕಾಲದ ಮನೆ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವ ಇಂಥ ಮನೆಗಳಲ್ಲಿ ಕಲ್ಲಿನ ಪೀಠದ ಮೇಲೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ ಕೂರುತ್ತವೆ. ಜಂತಿಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಚ್ಚು ಹಾಕಿದ ಚಾವಣಿಗೆ ಮದ್ರಾಸ್ ಟೆರೇಸ್ ಎಂದು ಹೆಸರು. 1898ರ ಪ್ಲೇಗಿನ ತರುವಾಯ ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ ಬಿಟ್ಟು ಕಟ್ಟುವ ಪದ್ಧತಿ ಬಂದರೂ, ಪೇಟೆಯ ಒಳಗೆ ಮನೆಗಳು ಪಕ್ಕದ ಗೋಡೆಗೆ ಅಂಟಿಕೊಂಡೇ ಉಳಿದವು. ಇಂಥ ಮನೆಯನ್ನು ಇಂದು ಹೊಸದಾಗಿ ಕಟ್ಟುವ ಬೆಲೆ ಕೇವಲ ಕಾಗದದ ಮೇಲಿನ ಲೆಕ್ಕ, ಏಕೆಂದರೆ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಮತ್ತು ಕಾಡಿನ ಮರ ಕಡಿತಕ್ಕೆ ಕಡಿವಾಣ ಹಾಕಿದ 1996ರ ಸುಪ್ರೀಂ ಕೋರ್ಟಿನ ಆದೇಶದ ಬಳಿಕ ದೊಡ್ಡ ಅಳತೆಯ ನಾಟಾ ಸುಲಭಕ್ಕೆ ಸಿಗುವ ಸರಕಾಗಿ ಉಳಿದಿಲ್ಲ. ಆದರೆ ಅದೇ ಕಾರಣದಿಂದ ಮನೆ ಕೆಡವಿದಾಗ ಸಿಗುವ ತೇಗದ ತೊಲೆ, ಕಂಬ, ಬಾಗಿಲುಗಳಿಗೆ ಹಳೆ ಮರದ ವ್ಯಾಪಾರಿಗಳಲ್ಲಿ ಬೆಲೆಯಿದೆ. ನೊರೆಯೂ ಸಿಮೆಂಟ್ ಹಲಗೆಯೂ ಬಿಡಿಸಲಾರದಂತೆ ಅಂಟಿರುವ ಪ್ಯಾನೆಲ್ ಕಳಚಿದ ಮೇಲೆ ಬಹುಮಟ್ಟಿಗೆ ತ್ಯಾಜ್ಯ. ಚದರಡಿ ದರದ ಯಾವ ಪಟ್ಟಿಯಲ್ಲೂ ಕಾಣದ ಈ ಮರುಮೌಲ್ಯವನ್ನು ಮರದ ಖಾತೆಗೆ ಜಮಾ ಮಾಡುವುದು ನ್ಯಾಯ.

ಪ್ಯಾನೆಲ್ ಮನೆಗೆ ಭಾರತದಲ್ಲಿ ಸಿಗುವ ಸಾರ್ವಜನಿಕ ಅಂಕಿಗಳು 2021ರ ಜನವರಿ 1ರಂದು ಶಂಕುಸ್ಥಾಪನೆಯಾದ ಕೇಂದ್ರ ಸರ್ಕಾರದ ಲೈಟ್ ಹೌಸ್ ವಸತಿ ಯೋಜನೆಗಳವು. ಸ್ಯಾಂಡ್‌ವಿಚ್ ಪ್ಯಾನೆಲ್ ಬಳಸಿದ ಇಂದೋರಿನಲ್ಲಿ 1,024 ಮನೆಗಳಿಗೆ ಅಂದಾಜು 128 ಕೋಟಿ ರೂಪಾಯಿ, ಎಂದರೆ ಮನೆಯೊಂದಕ್ಕೆ 12.5 ಲಕ್ಷ, ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಬಳಸಿದ ಚೆನ್ನೈಯಲ್ಲಿ ಮನೆಯೊಂದಕ್ಕೆ ಸುಮಾರು 10 ಲಕ್ಷ. ರಸ್ತೆ, ಚರಂಡಿ ಮುಂತಾದ ಸೌಕರ್ಯಗಳೂ ಈ ಮೊತ್ತದಲ್ಲಿ ಸೇರಿರುವುದರಿಂದ ಇದನ್ನು ಪ್ಯಾನೆಲ್‌ನ ಸೋಲೆಂದು ಓದಬಾರದು. ಆದರೆ ಸಾವಿರ ಮನೆಗಳನ್ನು ಒಟ್ಟಿಗೆ, ಬಯಲಿನಲ್ಲಿ ಕಟ್ಟಿದಾಗಲೂ ಪ್ಯಾನೆಲ್ ತಾನಾಗಿಯೇ ಅಗ್ಗವಾಗುವುದಿಲ್ಲ ಎಂಬಷ್ಟನ್ನು ಇದರಿಂದ ಹೇಳಬಹುದು. ಲಾರಿ ತಿರುಗಲಾರದ, ಹಗಲೆಲ್ಲ ಸಗಟು ಸರಕಿನ ಗಾಡಿಗಳು ತುಂಬಿರುವ ಅಕ್ಕಿಪೇಟೆಯ ಗಲ್ಲಿಯಲ್ಲಿ ಒಂದೇ ಮನೆ ಕಟ್ಟುವವರಿಗೆ ಉದ್ದನೆಯ ಪ್ಯಾನೆಲ್ ಎತ್ತಿಳಿಸುವ ಖರ್ಚು ಇನ್ನೂ ಹೆಚ್ಚು. ಇಟ್ಟಿಗೆಯನ್ನಾದರೆ ತಲೆಹೊರೆಯಲ್ಲಿ ಸಾಗಿಸಬಹುದು.

ನಿರೋಧಕ ಗುಣದ ಲೆಕ್ಕವನ್ನು ತುಸು ವಿವರವಾಗಿ ನೋಡಬೇಕು. ಗೋಡೆಯ ಒಂದು ಚದರ ಮೀಟರಿನ ಮೂಲಕ, ಒಳಹೊರಗಿನ ಪ್ರತಿ ಡಿಗ್ರಿ ಅಂತರಕ್ಕೆ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬ ಅಳತೆಗೆ ಯು-ಮೌಲ್ಯ ಎನ್ನುತ್ತಾರೆ; ಒಂಬತ್ತಂಗುಲದ ಇಟ್ಟಿಗೆ ಗೋಡೆಗೆ ಇದು ಸುಮಾರು 2, ನೂರು ಮಿಲಿಮೀಟರ್ ಥರ್ಮೋಕೋಲಿನ ಪ್ಯಾನೆಲ್‌ಗೆ ಸುಮಾರು 0.35. ಮೇಲ್ನೋಟಕ್ಕೆ ಇದು ದೊಡ್ಡ ಗೆಲುವು. ಆದರೆ ಎರಡು ಬದಿಯ ಗೋಡೆಗಳ ಆಚೆ ಪಕ್ಕದವರ ಮನೆಯೇ ಇದ್ದು ಒಳಹೊರಗಿನ ಉಷ್ಣಾಂಶ ಹೆಚ್ಚುಕಡಿಮೆ ಒಂದೇ ಆಗಿರುವಾಗ, ಆ ಗೋಡೆಗಳಿಗೆ ಕೊಟ್ಟ ನಿರೋಧಕದ ಬೆಲೆ ವ್ಯರ್ಥ. ಪೇಟೆಯ ಮನೆಗೆ ಬಿಸಿಲು ಬೀಳುವುದು ಮುಖ್ಯವಾಗಿ ಚಾವಣಿಯ ಮೇಲೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾದದ್ದೂ 2016ರ ಏಪ್ರಿಲ್ 24ರಂದು.

ಗೋಡೆಯ ಪ್ಯಾನೆಲ್‌ಗೆ ಇರುವ ನಿಜವಾದ ಲಾಭ ಜಾಗದ್ದು. ಹದಿನೈದು ಅಡಿ ಅಗಲ, ಐವತ್ತು ಅಡಿ ಉದ್ದದ ನಿವೇಶನದಲ್ಲಿ ಒಂದೂವರೆ ಅಡಿ ದಪ್ಪದ ಎರಡು ಮಣ್ಣಿನ ಗೋಡೆಗಳು ನೂರೈವತ್ತು ಚದರಡಿ ನುಂಗುತ್ತವೆ. ಅರ್ಧ ಅಡಿಯ ಪ್ಯಾನೆಲ್ ನಿಲ್ಲಿಸಿದರೆ ನೂರು ಚದರಡಿ ಉಳಿಯುತ್ತದೆ. ಜಾಗದ ಬೆಲೆ ಕಟ್ಟಡದ ಬೆಲೆಯನ್ನು ಮೀರಿಸುವ ಇಂಥ ಕಡೆ ಪ್ಯಾನೆಲ್‌ನ ಹೆಚ್ಚುವರಿ ಖರ್ಚನ್ನು ಇದೊಂದೇ ತೀರಿಸಬಲ್ಲದು, ಗೋಡೆ ಸ್ವಂತದ್ದಾಗಿದ್ದರೆ. ನೆರೆಯವರೊಡನೆ ಹಂಚಿಕೊಂಡ ಗೋಡೆಯನ್ನು ಕೆಡವಲಾಗದೆ ಅದರ ಒಳಬದಿಗೆ ಪ್ಯಾನೆಲ್ ನಿಲ್ಲಿಸಬೇಕಾಗಿ ಬಂದರೆ ಲಾಭವೆಲ್ಲ ತಿರುಗಿ ನಷ್ಟವಾಗುತ್ತದೆ. ಪೇಟೆಯಲ್ಲಿ ಈ ಎರಡನೆಯ ಸ್ಥಿತಿಯೇನೂ ಅಪರೂಪವಲ್ಲ.

ಹೀಗಾಗಿ ಹಳೆಯ ಗೋಡೆ ಮತ್ತು ಕಂಬಗಳು ಗಟ್ಟಿಯಿದ್ದು ಮೇಲೊಂದು ಅಂತಸ್ತು ಬೇಕಾದ ಮನೆಗೆ ಚಾವಣಿಗೆ ಮಾತ್ರ ಪ್ಯಾನೆಲ್ ಹೊದಿಸುವುದು ಹೆಚ್ಚು ಮಿತವ್ಯಯದ ದಾರಿಯಾಗಿ ತೋರುತ್ತದೆ. ಮದ್ರಾಸ್ ಟೆರೇಸಿನ ಒಂದು ಚದರ ಮೀಟರ್ ಮುನ್ನೂರು ಕಿಲೋ ಮೀರಿ ತೂಗಿದರೆ, ಉಕ್ಕಿನ ತಗಡಿನ ನಡುವೆ ನೊರೆ ತುಂಬಿದ ಐವತ್ತು ಮಿಲಿಮೀಟರ್ ಹಾಳೆ ಹತ್ತು ಕಿಲೋದ ಆಸುಪಾಸಿನಲ್ಲಿರುತ್ತದೆ. ಅಡಿಪಾಯಕ್ಕೆ ಕೈಹಾಕುವ ಖರ್ಚು ಇದರಿಂದ ತಪ್ಪಬಹುದು. ಆದರೆ ತನ್ನ ತೂಕದಿಂದಲೇ ನಿಲ್ಲುವ ಹಳೆಯ ಚಾವಣಿಗೆ ಬೇಕಿಲ್ಲದ ಆಧಾರ ಈ ಹಗುರ ಹಾಳೆಗೆ ಬೇಕು. ಮುಂಗಾರುಪೂರ್ವದ ಬಿರುಗಾಳಿಗೆ ಅದು ಮೇಲೇಳದಂತೆ ಗೋಡೆಯ ತಲೆಗೆ ಕಾಂಕ್ರೀಟ್ ಪಟ್ಟಿ ಹಾಕಿ ಬೋಲ್ಟಿನಿಂದ ಬಿಗಿಯುವ ವೆಚ್ಚವನ್ನು ಅಂದಾಜಿನಲ್ಲಿ ಮೊದಲೇ ಸೇರಿಸಿರಬೇಕು.