ಜೋಗತಿ ಕಲೆ

ಎಲ್ಲಮ್ಮ, ಹುಲಿಗೆಮ್ಮ ದೇವತೆಯರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು, ಅಂದರೆ ದೇವತೆಗೆ ಬಿಡಲ್ಪಟ್ಟ ಜೋಗತಿಯರು, ಹಾಡಿ, ಕುಣಿದು, ಕಥೆ ಹೇಳುವ ಜನಪದ ರಂಗಕಲೆ. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಇದು ರೂಢಿಯಲ್ಲಿದೆ. ಹೊಸಪೇಟೆ, ಕಂಪ್ಲಿ, ಸಂಡೂರು ಭಾಗದ ಜೋಗತಿಯರು ನಡೆದುಕೊಳ್ಳುವುದು ಹೆಚ್ಚಾಗಿ ತುಂಗಭದ್ರೆಯ ಆಚೆ ದಡದಲ್ಲಿರುವ, ಹುಲಿಗೆಮ್ಮನ ನೆಲೆಯಾದ ಹುಲಿಗಿಗೆ.

ಈ ಕಲೆ ಹುಟ್ಟಿದ್ದು ಒಂದು ಬಗೆಯ ಜೀತದ ಒಳಗೆ. ಬಳ್ಳಾರಿ ಸೀಮೆಯಲ್ಲಿ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ಬಸವಿ ಬಿಡುವ, ಅಂದರೆ ದೇವರಿಗೆ ಒಪ್ಪಿಸುವ, ರೂಢಿಯಿತ್ತು. ಮುತ್ತು ಕಟ್ಟಿದ ಮೇಲೆ ಮದುವೆ ಇಲ್ಲ. ಹೆಸರು ದೇವರದು, ಅವಳನ್ನು ಬಳಸಿಕೊಂಡವರು ಊರಿನ ಉಳ್ಳವರು. ಗಂಡಾಗಿ ಹುಟ್ಟಿ ಹೆಣ್ಣಿನ ಮನಸ್ಸಿರುವವರ ಮೈಮೇಲೆ ಅಮ್ಮ ಬಂದಳೆಂದು ನಂಬಿ, ಉಡದಾರ ಕಡಿದು, ಸೀರೆ ಉಡಿಸಿ, ಬಳೆ ತೊಡಿಸಿ ಜೋಗತಿಯಾಗಿಸುವ ಪದ್ಧತಿಯೂ ಜೊತೆಗೇ ಬೆಳೆಯಿತು. ಮನೆಯಿಂದ ಹೊರಬಿದ್ದವರಿಗೆ ಇದೊಂದು ನೆಲೆಯಾಯಿತು ಎಂಬುದು ನಿಜ. ಆದರೆ ಆ ನೆಲೆಯಲ್ಲಿ ಹೊಟ್ಟೆ ತುಂಬಬೇಕಾದದ್ದು ಜೋಗದಿಂದ, ಅಂದರೆ ಭಿಕ್ಷೆಯಿಂದ.

ಹೊಸಪೇಟೆ, ಹಂಪಿ, ಕಂಪ್ಲಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಹೀಗೆ ಹೆಣ್ಣನ್ನು ದೇವರಿಗೆ ಬಿಡುವ ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1947ರ ಮದ್ರಾಸ್ ಕಾಯ್ದೆ ಇಲ್ಲಿಗೂ ಅನ್ವಯಿಸಿತ್ತು. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರು 1949ರಲ್ಲಿ ಇದೇ ಆಡಳಿತಕ್ಕೆ ಸೇರಿತು. ಕಾಯ್ದೆ ಬಂದರೂ ಪದ್ಧತಿ ನಿಲ್ಲಲಿಲ್ಲ. ಹಾಗಾಗಿ ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಬೇಕಾಯಿತು.

ಪ್ರದರ್ಶನಕ್ಕೆ ಬೇಕಾದದ್ದು ಕಡಿಮೆ: ಚೌಡಿಕೆ, ಶ್ರುತಿ, ತಾಳ, ಒಂದು ಕೊಡ. ಚೌಡಿಕೆಯೆಂದರೆ ಒಂದು ಬಾಯಿಗೆ ಚರ್ಮ ಬಿಗಿದ ಮರದ ಟೊಳ್ಳು. ಅದನ್ನು ಕಂಕುಳಲ್ಲಿ ಅವುಚಿ, ಚರ್ಮದ ನಡುವಿನಿಂದ ಹೊರಟ ತಂತಿಯನ್ನು ಮೀಟುತ್ತಾರೆ. ತಲೆಯ ಮೇಲಿನ ಕೊಡವನ್ನು ಕೈಯಲ್ಲಿ ಮುಟ್ಟದೆ ಕೂತು, ಬಾಗಿ, ಸುತ್ತಿ ಕುಣಿಯುವುದೇ ಜೋಗತಿ ನೃತ್ಯ. ಎಲ್ಲಮ್ಮನ ಆಟದಲ್ಲಿ ರೇಣುಕೆ, ಜಮದಗ್ನಿ, ಪರಶುರಾಮರ ಕಥೆ ನಡೆಯುತ್ತದೆ. ತಲೆ ಕಡಿಸಿಕೊಂಡ ತಾಯಿಯ ಈ ಕಥೆಯನ್ನು ಜೋಗತಿಯರು ಹಾಡುವಾಗ ಅದು ಪುರಾಣವಾಗಿ ಮಾತ್ರ ಕೇಳಿಸುವುದಿಲ್ಲ.

ಕಲೆಗೆ ನಾಡಿನಾಚೆಗೂ ಹೆಸರು ತಂದವರು ಬಿ. ಮಂಜಮ್ಮ ಜೋಗತಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥನಾಗಿ ಹುಟ್ಟಿದ ಅವರಿಗೆ ಹುಲಿಗಿಯಲ್ಲಿ ಮುತ್ತು ಕಟ್ಟಿಸಲಾಯಿತು. ಮನೆ ತೊರೆದು, ಭಿಕ್ಷೆ ಬೇಡಿ, ಇಡ್ಲಿ ಮಾರಿ ಬದುಕಿದರು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿ ಕಲಾವಿದೆಯಾದರು. ಹೊಸಪೇಟೆ ಬಳಿಯ ಮರಿಯಮ್ಮನಹಳ್ಳಿ ಅವರು ನೆಲೆನಿಂತ ಊರು.  2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ ಬಂದವು. ಪ್ರಶಸ್ತಿ ಪಡೆಯುವಾಗ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ನಿವಾಳಿಸಿ ದೃಷ್ಟಿ ತೆಗೆದರು. ಬೀದಿಯಲ್ಲಿ ಜನ ಹೆದರಿ ದೂರ ಸರಿಯುತ್ತಿದ್ದ ಕೈಯ ಹಾರೈಕೆಯನ್ನು ದೇಶದ ಮೊದಲ ಪ್ರಜೆ ಪಡೆದದ್ದನ್ನು ಈ ಕಲೆಯ ಚರಿತ್ರೆಯ ದೊಡ್ಡ ಗಳಿಗೆಯೆಂದೇ ಎಣಿಸಬೇಕು.

ಮಂಜಮ್ಮನವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಕೃತಿಯನ್ನು ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿ. ಬೇಲೂರು ರಘುನಂದನ್ ಅವರ ‘ಮಾತಾ’ ಇದೇ ಬದುಕನ್ನು ಆಧರಿಸಿದ ಏಕವ್ಯಕ್ತಿ ನಾಟಕ. ಏಕವ್ಯಕ್ತಿ ರಂಗದ ಇಂಥ ಪ್ರಯೋಗಗಳು ಹೊರದೇಶಗಳಲ್ಲೂ ನಡೆದಿವೆ. ಅಮೆರಿಕದ ಕರಿಯ ಕಲಾವಿದೆ ಆನಾ ಡೆವಿಯರ್ ಸ್ಮಿತ್ 1992ರ ‘ಫೈರ್ಸ್ ಇನ್ ದ ಮಿರರ್’ನಲ್ಲಿ ಬಣ್ಣ, ಧರ್ಮಗಳ ಗಲಭೆಗೆ ಸಿಕ್ಕಿದ ಹಲವರ ದನಿಗಳನ್ನು ಒಬ್ಬರೇ ಆಡಿ ತೋರಿಸಿದ್ದರು. ಗುಲಾಮಗಿರಿ, ಜೀತಗಳ ನೆನಪು ಹೊತ್ತ ಸಮುದಾಯಗಳಿಗೆ ಏಕವ್ಯಕ್ತಿ ರಂಗ ಒಗ್ಗಿಬರುವುದಕ್ಕೆ ಕಾರಣವಿದೆ: ಅಲ್ಲಿ ಮಾತು ನೇರವಾಗಿ ನೋಡುಗರಿಗೆ ತಲುಪುತ್ತದೆ. ಜೋಗತಿಯರು ತಮ್ಮ ಬದುಕನ್ನು ತಾವೇ ರಂಗಕ್ಕೆ ತರುವ ಪ್ರಯತ್ನಗಳು ಇನ್ನೂ ಹೆಚ್ಚಬೇಕು.

ಜೋಗದ ಹೊರಗೂ ಬದುಕಿನ ದಾರಿಗಳು ತೆರೆಯುತ್ತಿವೆ: ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ಕೊಟ್ಟಿತು. ಚೌಡಿಕೆ ಹಿಡಿಯಲು, ಕೊಡ ಹೊತ್ತು ಕುಣಿಯಲು ಇಂದು ಯಾರೂ ಮುತ್ತು ಕಟ್ಟಿಸಿಕೊಳ್ಳಬೇಕಿಲ್ಲ. ಹೆಣ್ಣುಮಗುವನ್ನು ದೇವರಿಗೆ ಬಿಡುವುದು ಶಿಕ್ಷಾರ್ಹ ಅಪರಾಧ.