ಸಹಿಯಿಲ್ಲದ ಕಲೆ

ವಿಜಾಪುರಕ್ಕೆ ಬಂದ ಪ್ರವಾಸಿಕರು ಗೋಳಗುಮ್ಮಟವನ್ನು ನೋಡುತ್ತಾರೆ. ಇಬ್ರಾಹಿಂ ರೋಜಾದ ಕಲ್ಲಿನ ಕುಸುರಿಗೆ ತಲೆದೂಗುತ್ತಾರೆ. ತುಸು ಹೆಚ್ಚಿನ ಆಸಕ್ತಿಯುಳ್ಳವರು ಸಿಂದಗಿಯ ದಾರಿಯಲ್ಲಿರುವ ಕುಮಟಗಿಗೂ ಹೋಗಿ, ಆದಿಲಶಾಹಿ ಕಾಲದ ಜಲಮಂಟಪಗಳಲ್ಲಿ ಅಳಿದುಳಿದಿರುವ ಭಿತ್ತಿಚಿತ್ರಗಳನ್ನು ಕಂಡು ಬರುತ್ತಾರೆ. ಅಲ್ಲಿಂದ ಮುಂದಕ್ಕೆ ಹೋಗುವವರು ವಿರಳ. ಆದರೆ ಅದೇ ದಾರಿಯ ಆಚೆಗಿನ ಹಳ್ಳಿಗಳಲ್ಲಿ ಯಾವ ಸುಲ್ತಾನನ ಆಶ್ರಯವನ್ನೂ ಬೇಡದ, ಯಾವ ಗುರುಕುಲದಲ್ಲಿಯೂ ಕಲಿಯದ ಇನ್ನೊಂದು ಕಲೆ ಮನೆಮನೆಯ ಪಡಸಾಲೆಯಲ್ಲಿ ಬೆಳೆದುಬಂದಿದೆ. ಅದನ್ನು ಮಾಡಿದವರ ಹೆಸರಿಲ್ಲ, ಇಸವಿಯಿಲ್ಲ, ಶಾಸನವಂತೂ ಇಲ್ಲವೇ ಇಲ್ಲ. ಅಂಥದಕ್ಕೆ ಇತಿಹಾಸವುಂಟೆ? ಉಂಟು ಎಂದೇ ನನ್ನ ನಂಬಿಕೆ. ಆದರೆ ಅದನ್ನು ಓದುವ ಬಗೆ ಬೇರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳನ್ನು ಮೊದಲು ಕಣ್ಣ ಮುಂದೆ ತಂದುಕೊಳ್ಳಬೇಕು. ಬಡಗಲಿಗೆ ಭೀಮೆ, ತೆಂಕಲಿಗೆ ಕೃಷ್ಣೆ, ನಡುವೆ ಡೋಣಿ. ಮೂರು ಹೊಳೆಗಳಿದ್ದರೂ ಮಳೆ ಮಾತ್ರ ನೆಚ್ಚುವಂಥದಲ್ಲ. ಎರೆ ಮಣ್ಣು ಒಲಿದರೆ ಜೋಳ, ಹತ್ತಿ, ಮುನಿದರೆ ಬರ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಈ ನಾಡು ಪಟ್ಟ ಪಾಡನ್ನು ಜನಗಣತಿಯ ಅಂಕೆಗಳೇ ಹೇಳುತ್ತವೆ. ಆಗ ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ಈ ಪ್ರದೇಶದಲ್ಲಿ 1872ಕ್ಕೂ 1881ಕ್ಕೂ ನಡುವೆ ಐವರಲ್ಲಿ ಸುಮಾರು ಒಬ್ಬರಂತೆ ಜನಸಂಖ್ಯೆ ಇಳಿದುಹೋಯಿತು. ಇಂಥ ನೆಲದಲ್ಲಿ ಬಾಳಿದ ಹೆಂಗಸಿಗೆ ಯಾವ ವಸ್ತುವನ್ನೂ ಎಸೆಯುವ ಮನಸ್ಸು ಬಾರದು. ಹೊಲದ ಮಣ್ಣು, ಕೊಟ್ಟಿಗೆಯ ಸಗಣಿ, ಗೋಡೆಗೆ ಬಳಿದು ಉಳಿದ ಸುಣ್ಣ, ಹರಿದ ಸೀರೆ ಇವೇ ಅವಳ ಕಲೆಯ ಸಾಮಗ್ರಿಗಳಾದವು. ಇದನ್ನು ಬಡತನದ ಕಲೆಯೆಂದು ಕರೆಯುವುದು ಸರಿಯಲ್ಲ. ಇದು ಹವಣರಿತವರ ಕಲೆ.

ಈ ಕಲೆಗೆ ತನ್ನದೇ ಆದ ಪಂಚಾಂಗವಿದೆ. ಕಾರಹುಣ್ಣಿಮೆಯಂದು ನಿಜವಾದ ಎತ್ತುಗಳಿಗೆ ಬಣ್ಣ ಬಳಿದು ಮೆರೆಸಿದ ಮನೆ, ಹದಿನೈದು ದಿನ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ನಾದಿ ಸಣ್ಣ ಎತ್ತುಗಳನ್ನು ಮಾಡುತ್ತದೆ. ಅವುಗಳ ಮುಂದೊಂದು ಗೋದಲಿಯನ್ನೂ ಮಾಡುತ್ತದೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಮೂಡುತ್ತಾಳೆ. ಗುಲಗಂಜಿ, ಜೋಳ, ಕುಸುಬಿಯ ಕಾಳುಗಳೇ ಅವಳ ಆಭರಣ. ಶ್ರಾವಣಕ್ಕೆ ಮಣ್ಣಿನ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ದೀಪಾವಳಿಗೆ ಸಗಣಿಯ ಪಾಂಡವರು, ಅವರ ತಲೆಯ ಮೇಲೆ ಉತ್ತರಾಣಿಯ ಕಡ್ಡಿ, ಚೆಂಡು ಹೂ. ಎತ್ತುಗಳನ್ನು ಕುಂಬಾರರು ಮಾಡಿ ಮನೆಗಳಿಗೆ ಕೊಡುವ ರೂಢಿಯೂ ಹಳೆಯದೇ. ಆದರೂ ಮಕ್ಕಳು ತಮ್ಮ ಕೈಯಾರೆ ಒಂದು ಜೋಡಿಯನ್ನು ಮಾಡದೆ ಬಿಡುತ್ತಿರಲಿಲ್ಲ. ಕೋಡು ಸೊಟ್ಟಗಾದರೆ ಅಜ್ಜಿ ನಕ್ಕು ತಿದ್ದುತ್ತಿದ್ದಳು. ಅದೇ ಪಾಠಶಾಲೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಮೂರ್ತಿಗಳಲ್ಲಿ ಒಂದೂ ಉಳಿಯುವುದಕ್ಕೆಂದು ಮಾಡಿದ್ದಲ್ಲ. ಪೂಜೆ ಮುಗಿಯಿತೆಂದರೆ ನೀರಿಗೋ ಹೊಲಕ್ಕೋ ಅವು ಮರಳುತ್ತವೆ. ಗೋಳಗುಮ್ಮಟ 1656ರಿಂದ ನಿಂತೇ ಇದೆ. ಮಣ್ಣೆತ್ತು ವರ್ಷವರ್ಷವೂ ಸತ್ತು ಹುಟ್ಟುತ್ತಿದೆ. ಎರಡೂ ಬಾಳಿದ ಬಗೆಯೇ. ಒಂದು ಕಲ್ಲನ್ನು ನಂಬಿತು, ಇನ್ನೊಂದು ಕೈಯ ನೆನಪನ್ನು ನಂಬಿತು.

ಮಣ್ಣಿಗಿಂತ ತುಸು ಹೆಚ್ಚು ಕಾಲ ಬಾಳುವುದು ನೂಲು. ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಅವರ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ, ಕದಿರೆ ರೆಮ್ಮವ್ವೆ ಎಂಬ ಹೆಸರುಗಳನ್ನು ನಾವು ಓದುತ್ತೇವೆ. ಸೂಜಿಗೂ ಕದಿರಿಗೂ ಹೆಸರಿನ ಗೌರವ ದೊರೆತದ್ದು ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಎಂಬುದು ಸಣ್ಣ ಮಾತಲ್ಲ. ಅನಂತರ ಸೂಜಿ ಮತ್ತೆ ಹೆಸರಿಲ್ಲದವರ ಕೈಗೆ ಹೋಯಿತು.

ಆ ಕೈಗಳು ಹಾಕಿದ ಕಸೂತಿಯನ್ನು ನಮ್ಮ ವಾಚಕರು ಬಲ್ಲರು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆಗಳು. ಗೆರೆ ಬರೆದುಕೊಳ್ಳುವಂತಿಲ್ಲ, ಇಳಕಲ್ ಸೀರೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆ, ತೊಟ್ಟಿಲುಗಳನ್ನು ಮೂಡಿಸಬೇಕು. ಗವಂತಿಯಲ್ಲಿ ದಾರವು ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಎಡೆಗಳನ್ನು ತುಂಬುತ್ತದೆ. ಸೀರೆಯನ್ನು ತಿರುವಿ ನೋಡಿದರೂ ಅದೇ ಚಿತ್ರ. ಎಲ್ಲಿಯೂ ಗಂಟು ಕಾಣಬಾರದು. ಅಕ್ಷರ ಬಾರದವಳೆಂದು ನಾವು ಕರೆಯುವ ಹೆಂಗಸಿನ ಮನಸ್ಸಿನಲ್ಲಿ ಎಂಥ ಗಣಿತವಿತ್ತೆಂಬುದನ್ನು ಊಹಿಸಬಹುದು. ಈ ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಸಂತೋಷದ ಮಾತು.

ಆದರೆ ಕಸೂತಿಯ ಅಕ್ಕನಾದ ಕೌದಿಗೆ ಅಂಥ ಹೆಸರು ಬರಲಿಲ್ಲ. ಕೌದಿಯೆಂದರೆ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಉದ್ದಕ್ಕೂ ದಾರದ ಸಾಲೆಳೆದು ಹೊಲಿದ ಹೊದಿಕೆ. ಅದನ್ನು ಹೊಲಿಯುವಾಗ ಓಣಿಯ ನಾಲ್ಕಾರು ಹೆಂಗಸರು ಸುತ್ತ ಕೂಡುತ್ತಾರೆ. ಹೊಲಿಗೆ ಸಾಗಿದಂತೆ ಮಾತೂ ಸಾಗುತ್ತದೆ.

ನಮ್ಮ ಮನೆಯಲ್ಲೊಂದು ಕೌದಿಯಿದೆ. ಅದು ನಮ್ಮವ್ವ ಹೊಲಿದದ್ದು. ಇತಿಹಾಸವನ್ನು ಪುಸ್ತಕದಲ್ಲಿ ಓದಿದ ಮೇಲೆ ಒಂದು ದಿನ ಅದನ್ನು ಬಿಸಿಲಿಗೆ ಹಾಕಿ ನೋಡುತ್ತ ಕುಳಿತೆ. ಹರಿದ ಮೂಲೆಯಲ್ಲಿ ಇಣುಕುವ ಒಳಪದರದಲ್ಲಿ ಅಜ್ಜಿಯ ಕೈಮಗ್ಗದ ಸೀರೆ. ಅದರ ಮೇಲೆ ಗುಳೇದಗುಡ್ಡದ ಖಣದ ಚೌಕಗಳು. ಅದರಾಚೆ ಗಿರಣಿಯ ಚೀಟಿಬಟ್ಟೆ. ಕೊನೆಗೆ ನಾನು ಶಾಲೆಗೆ ತೊಟ್ಟ ಪಾಲಿಯೆಸ್ಟರ್ ಅಂಗಿಯ ತುಣುಕು. ಸೊಲ್ಲಾಪುರದಲ್ಲಿ ದೊಡ್ಡ ಬಟ್ಟೆಗಿರಣಿ ನಿಂತದ್ದು 1877ರಲ್ಲಿ. ಹೋಟಗಿಯಿಂದ ಗದಗಿನವರೆಗೆ ರೈಲು ಓಡಿದ್ದು 1884ರಲ್ಲಿ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ಠಾಣ್ಯಗಳು ಆ ದಾರಿಯವೇ. ಗಿರಣಿಯ ಅರಿವೆ ನಮ್ಮ ಸಂತೆಗಳನ್ನು ಸುಲಭವಾಗಿ ಮುಟ್ಟಲು ಅದೇ ಹಾದಿ. ಗ್ರಂಥಗಳು ಅಧ್ಯಾಯಗಟ್ಟಲೆ ವಿವರಿಸುವ ಈ ಆರ್ಥಿಕ ಪರಿವರ್ತನೆ ನಮ್ಮವ್ವನ ಕೌದಿಯಲ್ಲಿ ಗೇಣುದ್ದದ ಜಾಗದಲ್ಲಿತ್ತು.

ಹಾಗಾದರೆ ಇದನ್ನು ಯಾರೂ ಸಂಗ್ರಹಿಸಲಿಲ್ಲವೇಕೆ? ಸಂಗ್ರಹದ ಬುದ್ಧಿ ನಮ್ಮಲ್ಲಿರಲಿಲ್ಲವೆಂದಲ್ಲ. ಅಂದು ಇಂಡಿ ತಾಲೂಕಿನಲ್ಲಿದ್ದ, ಇಂದು ಚಡಚಣ ತಾಲೂಕಿಗೆ ಸೇರಿದ ಹಲಸಂಗಿಯ ಗೆಳೆಯರು ಮಾಡಿದ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಬೀಸುವ ಕಲ್ಲಿನ ಮುಂದೆ ಹಾಡಿದ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಗರತಿಯ ಬಾಯಿಗೆ ಸಾಹಿತ್ಯದಲ್ಲಿ ಪೀಠ ದೊರೆಯಿತು. ಹಾಡನ್ನು ಕಾಗದಕ್ಕೆ ಇಳಿಸಬಹುದು. ಹಾಡಿದವಳು ಮರುದಿನವೂ ಅದನ್ನು ಹಾಡಬಹುದು. ಕೌದಿಯನ್ನು ಒಯ್ದರೆ ಮನೆಯವರು ಚಳಿಗೆ ಏನು ಮಾಡಬೇಕು? ಅದೇ ಗರತಿಯ ಕೈಗೆಲಸ ಆದ್ದರಿಂದಲೇ ಹೊರಗುಳಿಯಿತೇನೋ. ಬಂಗಾಳದಲ್ಲಿ ಗುರುಸದಯ ದತ್ತರು ಹಳ್ಳಿಯ ಹೆಂಗಸರು ಹೊಲಿದ ಕಾಂಥಾಗಳನ್ನು ಕೂಡಿಸಿದರು. ಅವರ ಹೆಸರಿನ ಸಂಗ್ರಹಾಲಯ ಕಲಕತ್ತೆಯ ಬಳಿ ಬೆಳೆಯಿತು. ನಮ್ಮ ಕೌದಿಗೆ ಅಂಥ ದತ್ತರು ದೊರೆಯಲಿಲ್ಲ.

ಈ ಮಾತನ್ನು ಇಂದು ಎತ್ತಲು ಕಾರಣವುಂಟು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟೆ, ಅದರ ಕೆಳಗಿನ ನಾರಾಯಣಪುರದ ಅಣೆಕಟ್ಟೆ, ಇವೆರಡರ ಹಿನ್ನೀರಿನಲ್ಲಿ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ನದೀತೀರದ ಹಳ್ಳಿಗಳು ಮುಳುಗಿದವು. ನೀರು ಬಂದದ್ದರಿಂದ ಒಣಭೂಮಿ ಹಸುರಾಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಕಲ್ಲು ಮಣ್ಣಿನ ಮನೆ ಬಿಟ್ಟು ಪುನರ್ವಸತಿಯ ಸಿಮೆಂಟಿನ ಮನೆಗೆ ಹೋದವರಿಗೆ ವರ್ಷಕ್ಕೊಮ್ಮೆ ಗೋಡೆ ಸಾರಿಸಿ ಕೆಮ್ಮಣ್ಣು ಸುಣ್ಣಗಳಿಂದ ಚಿತ್ತಾರವೆಳೆಯುವ ಕೆಲಸ ಉಳಿಯಲಿಲ್ಲ. ಮುಳುಗದ ಊರುಗಳ ಪಾಡೂ ಬೇರೆಯಲ್ಲ. ಹಳೆಯ ಸೀರೆ ಕೊಟ್ಟರೆ ಸ್ಟೀಲಿನ ಪಾತ್ರೆ ಕೊಡುವವಳು ಬಾಗಿಲಿಗೇ ಬರುತ್ತಾಳೆ. ಬಣ್ಣ ಬಳಿದ ಎತ್ತುಗಳು ಪೇಟೆಯಲ್ಲಿ ಜೋಡಿಜೋಡಿಯಾಗಿ ಸಿಗುತ್ತವೆ. ಎತ್ತು ಸಿಗುತ್ತದೆ ನಿಜ. ಸೊಟ್ಟಗಾದ ಕೋಡನ್ನು ತಿದ್ದುವ ಅಜ್ಜಿಯ ಕೈಗೆ ಮಾತ್ರ ಕೆಲಸವಿಲ್ಲ.

ಆ ದಿನ ಕೌದಿಯ ಮುಂದೆ ಕುಳಿತವನು ನಮ್ಮವ್ವನಿಗೆ ಹೇಳಿದೆ: “ಯವ್ವಾ, ಇನ್ನ ಇದನ್ನ ಹೊಚ್ಚಿಕೊಳ್ಳೂದು ಬ್ಯಾಡ. ಗಾಜಿನ ಕಪಾಟಿನ್ಯಾಗ ಇಡೂಣು.” ಅವಳು ಚಣ ಸುಮ್ಮನಿದ್ದು ಅಂದಳು: “ನೋಡಾಕ ಇಟ್ಟರ ಹೊಚ್ಚಿಕೊಳ್ಳಾಕ ಏನು ತಮ್ಮಾ? ಇದು ಹರೀಲಿ ಬಿಡು. ಹರಿದ್ರ ಇನ್ನೊಂದರ ಒಳಪದರ ಆಕ್ಕೈತಿ.”

ನನಗೆ ಉತ್ತರ ಹೊಳೆಯಲಿಲ್ಲ. ಅಮೆರಿಕೆಯ ಅಲಬಾಮಾ ಪ್ರಾಂತದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ, ಗುಲಾಮರಾಗಿದ್ದವರ ವಂಶದ ಹೆಂಗಸರು ದುಡಿಮೆಯ ಬಟ್ಟೆಗಳ ಹರಕಿನಿಂದ ಹೊಲಿದ ಹೊದಿಕೆಗಳನ್ನು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯ ಗೋಡೆಗೆ ತೂಗಿತು, ಜಗತ್ತು ಬೆರಗಾಯಿತು. ನಮ್ಮ ಕೌದಿಗೂ ಅಂಥ ದಿನ ಬರಲೆಂದು ನಾನು ಹಾರೈಸುತ್ತೇನೆ. ಹತ್ತು ಹಳೆಯ ಕೌದಿಗಳಾದರೂ ಒಂದೆಡೆ ಸುರಕ್ಷಿತವಾಗಿರಬೇಕು. ಆದರೆ ಅಷ್ಟರಿಂದಲೇ ಕೆಲಸ ಮುಗಿಯಿತೆಂದು ತಿಳಿದರೆ ನಮ್ಮವ್ವನ ಮಾತನ್ನು ಅರ್ಧವೇ ಕೇಳಿದಂತೆ. ಹಳೆಯದು ಹೊಸದರ ಒಳಪದರವಾಗುವುದೇ ಈ ಕಲೆಯ ಪರಂಪರೆ. ಹೊಸದನ್ನು ಹೊಲಿಯುವವರು ಇಲ್ಲವಾದಾಗ ಮಾತ್ರ ಹಳೆಯದು ಬರಿಯ ಚಿಂದಿಯಾಗುತ್ತದೆ.

ಕೌದಿಯನ್ನು ಕಪಾಟಿನಲ್ಲಿಡಲಿಲ್ಲ. ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಗೆ ಊರಿನಿಂದ ಒಂದು ಚೀಲ ಎರೆಮಣ್ಣು ತರಿಸಿದೆ. ನನ್ನ ಮಗಳು ಮಾಡಿದ ಎತ್ತಿಗೆ ಒಂದು ಕೋಡು ಉದ್ದ, ಒಂದು ಗಿಡ್ಡ. ನಮ್ಮವ್ವ ನಕ್ಕು, ಕೈ ತೊಯಿಸಿಕೊಂಡು, ಅದನ್ನು ತಿದ್ದಲು ಕುಳಿತಳು.