ಆರೊಮ್ಯಾಟಿಕ್ ಅಮೈನುಗಳ ವೇಗವರ್ಧಕ ತಯಾರಿಕೆ: ಚರಿತ್ರೆ

ಬೆಂಜೀನಿನಂಥ ಉಂಗುರದ ಇಂಗಾಲಕ್ಕೆ ನೇರವಾಗಿ ಸಾರಜನಕ ಸೇರಿರುವ ಸಂಯುಕ್ತಗಳೇ ಆರೊಮ್ಯಾಟಿಕ್ ಅಮೈನುಗಳು. ಬಣ್ಣ, ಔಷಧ, ಕೀಟನಾಶಕಗಳ ತಯಾರಿಕೆಯಲ್ಲಿ ಇವು ಎಲ್ಲೆಲ್ಲೂ ಬೇಕು. ಈ ಬಳಗದ ಮೊದಲಿಗ ಅನಿಲೀನ್. 1826ರಲ್ಲಿ ಒಟ್ಟೊ ಉನ್‌ಫರ್ಡೋರ್ಬೆನ್ ಅದನ್ನು ಪಡೆದದ್ದು ಇಂಡಿಗೊ ನೀಲಿಯನ್ನು ಬಟ್ಟಿ ಇಳಿಸಿ. 1842ರಲ್ಲಿ ರಷ್ಯದ ನಿಕೊಲಾಯ್ ಜಿನಿನ್ ನೈಟ್ರೊಬೆಂಜೀನನ್ನು ಅಪಕರ್ಷಿಸಿ ಅದೇ ವಸ್ತುವನ್ನು ಮಾಡಿದ. ಕಾರ್ಖಾನೆಗಳು ಇಂದಿಗೂ ಇದೇ ಹಾದಿಯಲ್ಲಿವೆ. ಅಪಕರ್ಷಣೆಯ ಕೆಲಸ ಮಾತ್ರ ಈಗ ಲೋಹ ವೇಗವರ್ಧಕದ ಮೇಲೆ ಹಾಯುವ ಹೈಡ್ರೋಜನ್ನಿನದು.

ಬರಿಯ ಅನಿಲೀನಿಗೆ ಈ ದಾರಿ ಸಾಕು. ಉಂಗುರದ ಮೇಲೆ ಬೇರೆ ಗುಂಪುಗಳೂ ಸಾರಜನಕದ ಮೇಲೆ ಇನ್ನೊಂದು ಉಂಗುರವೂ ಬೇಕೆಂದಾಗ ತೊಡಕು ಶುರುವಾಗುತ್ತದೆ. ನೈಟ್ರೊ ಗುಂಪು ನಮಗೆ ಬೇಕಾದ ಜಾಗದಲ್ಲೇ ಕೂರುವುದಿಲ್ಲ. ಇತ್ತ ಕ್ಲೋರೊಬೆಂಜೀನಿಗೆ ಅಮೈನು ಬೆರೆಸಿ ಕಾಯಿಸಿದರೆ ಇಂಗಾಲ-ಕ್ಲೋರಿನ್ ಬಂಧ ಸುಲಭಕ್ಕೆ ಜಗ್ಗುವುದಿಲ್ಲ.

ಅದನ್ನು ಜಗ್ಗಿಸಿದ ಮೊದಲ ಲೋಹ ತಾಮ್ರ. 1903ರಲ್ಲಿ ಫ್ರಿಟ್ಸ್ ಉಲ್‌ಮನ್ ತಾಮ್ರದ ಪುಡಿಯ ಸಹಾಯದಿಂದ ಆರ್ಥೊ-ಕ್ಲೋರೊಬೆಂಜೋಯಿಕ್ ಆಮ್ಲಕ್ಕೆ ಅನಿಲೀನನ್ನು ಜೋಡಿಸಿದ. ಮುಟ್ಟಿನ ನೋವಿಗೆ ವೈದ್ಯರು ಬರೆದುಕೊಡುವ ಮೆಫೆನಾಮಿಕ್ ಆಮ್ಲದ ಅಣುವನ್ನೂ ಇದೇ ಬಗೆಯ ಜೋಡಣೆಯಿಂದ ಕಟ್ಟಬಹುದು. 1906ರಲ್ಲಿ ಜಿನೀವಾದ ಇರ್ಮಾ ಗೋಲ್ಡ್‌ಬರ್ಗ್ ತುಸುವೇ ತಾಮ್ರ ಸಾಕೆಂದು ತೋರಿಸಿ, ಅದನ್ನು ವೇಗವರ್ಧಕವೆಂದೇ ಪ್ರಬಂಧದ ಶೀರ್ಷಿಕೆಯಲ್ಲಿ ಕರೆದಳು. ಮುಂದೆ ಆಕೆ ಉಲ್‌ಮನ್‌ನನ್ನು ಮದುವೆಯಾದಳು. ಈ ಬಗೆಯ ಕ್ರಿಯೆಗಳಿಗೆಲ್ಲ ಬಹುಕಾಲ ಅವನೊಬ್ಬನ ಹೆಸರೇ ಓಡಾಡಿತು; ವೇಗವರ್ಧಕ ವಿಧಾನದ ನಿಜವಾದ ಆರಂಭ ಗೋಲ್ಡ್‌ಬರ್ಗ್‌ಳದೆನ್ನುವುದೇ ನ್ಯಾಯ. ಈ ಕ್ರಿಯೆಗೆ ಬೇಕಾಗುತ್ತಿದ್ದ ಕಾವು ಹಲವು ಸಲ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನಾಜೂಕಾದ ಅಣುಗಳು ಅಷ್ಟು ಕಾವಿಗೆ ಉಳಿಯುತ್ತಿರಲಿಲ್ಲ.

1983ರಲ್ಲಿ ಜಪಾನಿನ ಮಿಗಿತಾ ಮತ್ತು ಸಂಗಡಿಗರು ಪೆಲೇಡಿಯಮ್ ಬಳಸಿದರು. ಆದರೆ ಸಾರಜನಕವನ್ನು ಒದಗಿಸಲು ತವರದ ಸಂಯುಕ್ತ ಬೇಕಿತ್ತು; ಅದು ವಿಷ, ತೇವ ತಾಗಿದರೆ ಕೆಡುವಂಥದ್ದು. ಹತ್ತು ವರ್ಷ ಯಾರೂ ಅದನ್ನು ಹೆಚ್ಚು ಮುಂದುವರಿಸಲಿಲ್ಲ. 1994ರಲ್ಲಿ ಯೇಲ್‌ನ ಜಾನ್ ಹಾರ್ಟ್‌ವಿಗ್ ಆ ಕ್ರಿಯೆ ನಡೆಯುವ ಬಗೆಯನ್ನು ಬಿಡಿಸಿಟ್ಟರು. ಅದೇ ವರ್ಷ ಎಂಐಟಿಯ ಸ್ಟೀಫನ್ ಬುಕ್‌ವಾಲ್ಡ್ ತವರದ ಸಂಯುಕ್ತಕ್ಕೆ ಬೇಕಾದ ಅಮೈನನ್ನು ಬೆರೆಸಿ, ಅದರಿಂದ ಬಿಡುಗಡೆಯಾಗುವ ಹಗುರವಾದ ಡೈಈಥೈಲ್ ಅಮೈನನ್ನು ಆರ್ಗಾನ್ ಹಾಯಿಸಿ ಹೊರದೂಡಿ, ಬಗೆಬಗೆಯ ಅಮೈನುಗಳಿಗೆ ದಾರಿ ತೆರೆದರು. 1995ರಲ್ಲಿ ಇಬ್ಬರೂ ಬೇರೆಬೇರೆಯಾಗಿ ತವರವನ್ನೇ ಕೈಬಿಟ್ಟರು: ಅಮೈನು ಮತ್ತು ಪ್ರಬಲ ಪ್ರತ್ಯಾಮ್ಲವೊಂದಿದ್ದರೆ ಸಾಕಾಯಿತು.

ಕ್ರಿಯೆಯ ಒಳಗನ್ನು ನೋಡಿದರೆ ಮುಂದಿನ ಚರಿತ್ರೆ ಅರ್ಥವಾಗುತ್ತದೆ. ಪೆಲೇಡಿಯಮ್ ಉಂಗುರಕ್ಕೂ ಅದಕ್ಕೆ (ಕ್ಲೋರಿನ್ನಿನ ಬದಲು) ಅಂಟಿದ ಬ್ರೋಮಿನ್ನಿಗೂ ನಡುವೆ ನುಗ್ಗುತ್ತದೆ, ಅಮೈನು ಅದಕ್ಕೆ ಬಂದು ಸೇರುತ್ತದೆ, ಪ್ರತ್ಯಾಮ್ಲ ಒಂದು ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ, ಕೊನೆಗೆ ಉಂಗುರ-ಸಾರಜನಕ ಒಂದಾಗಿ ಹೊರಬರುತ್ತವೆ. ಈ ಕೊನೆಯ ಹೆಜ್ಜೆ ತಡವಾದರೆ ಅಮೈನಿನ ಪಕ್ಕದ ಇಂಗಾಲದ ಹೈಡ್ರೋಜನ್ ಲೋಹಕ್ಕೆ ಜಾರಿ, ಉಂಗುರ ಅದನ್ನೇ ಹಿಡಿದು ಹೊರಬೀಳುತ್ತದೆ, ಶ್ರಮವೆಲ್ಲ ವ್ಯರ್ಥ. ಇದನ್ನು ತಡೆಯುವುದು ಲೋಹಕ್ಕೆ ಅಂಟಿಕೊಂಡ ಅಣು, ಅಂದರೆ ಲಿಗ್ಯಾಂಡ್. 1996ರಲ್ಲಿ ಎರಡು ಕಡೆಯಿಂದ ಲೋಹವನ್ನು ಹಿಡಿಯುವ ಫಾಸ್ಫೀನು ಲಿಗ್ಯಾಂಡುಗಳು ಬಂದವು. 1998ರ ಹೊತ್ತಿಗೆ ಗಾತ್ರದಲ್ಲಿ ದೊಡ್ಡದಾದ, ಎಲೆಕ್ಟ್ರಾನುಗಳನ್ನು ಧಾರಾಳವಾಗಿ ಕೊಡುವ ಫಾಸ್ಫೀನುಗಳು ಬಂದು, ಅಗ್ಗದ ಕ್ಲೋರೈಡುಗಳೂ ಕ್ರಿಯೆಗೆ ಒಗ್ಗಿದವು. 2019ರ ವುಲ್ಫ್ ಪ್ರಶಸ್ತಿ ಬುಕ್‌ವಾಲ್ಡ್ ಮತ್ತು ಹಾರ್ಟ್‌ವಿಗ್ ಇಬ್ಬರಿಗೂ ಸಂದಿತು.

ಪೆಲೇಡಿಯಮ್ ದುಬಾರಿ, ಔಷಧದಲ್ಲಿ ಅದರ ಅಂಶ ತೀರ ಕಡಿಮೆಯಾಗುವಂತೆ ತೆಗೆಯಬೇಕು. ಹಾಗಾಗಿ ತಾಮ್ರ ಮರಳಿ ಬಂತು, ಈ ಸಲ ಲಿಗ್ಯಾಂಡಿನ ಜೊತೆಗೆ. 1998ರಲ್ಲಿ ಚೀನಾದ ಮಾ ದಾವೈ ಅಮೈನೊ ಆಮ್ಲಗಳ ಅರಿಲೀಕರಣವನ್ನು (ಸಾರಜನಕಕ್ಕೆ ಉಂಗುರ ಜೋಡಿಸುವುದನ್ನು) ತಾಮ್ರದಿಂದ ಹಗುರಾಗಿಸಿದರು. 2001ರಲ್ಲಿ ಬುಕ್‌ವಾಲ್ಡ್ ಡೈಅಮೈನು ಲಿಗ್ಯಾಂಡುಗಳಿಂದ ಅಮೈಡುಗಳ ಜೋಡಣೆಯನ್ನು ಸುಧಾರಿಸಿದರು. ಉಲ್‌ಮನ್‌ನ ಕ್ಲೋರೈಡಿಗೆ ಪಕ್ಕದ ಕಾರ್ಬಾಕ್ಸಿಲ್ ಗುಂಪಿನ ಆಸರೆಯಿತ್ತು. ಅಂಥ ಆಸರೆಯಿಲ್ಲದ ಕ್ಲೋರೈಡುಗಳನ್ನೂ ತಾಮ್ರದಿಂದ ಅಮೈನುಗಳಿಗೆ ಜೋಡಿಸುವ ಆಕ್ಸಾಲಿಕ್ ಡೈಅಮೈಡ್ ಲಿಗ್ಯಾಂಡುಗಳನ್ನು ಮಾ ಅವರ ತಂಡ 2015ರಲ್ಲಿ ಪ್ರಕಟಿಸಿತು.